ಕ್ಯಾಮರಾ ಕಾಣದ ಕರಸ್ಥಲ

ವಚನಗಳನ್ನು ಓದುವುದನ್ನೂ ಅವುಗಳಿಗೆ ಅರ್ಥ ಹೇಳುವುದನ್ನೂ ನಾನು ಮಠದಲ್ಲಿ ಕಲಿತವನು. ಹನ್ನೊಂದನೆಯ ವಯಸ್ಸಿಗೆ ಹೋಗಿ ಸೇರಿದವನು ಹದಿಮೂರು ವರ್ಷ ಅಲ್ಲಿಯೇ ಇದ್ದೆ. ಸಂಜೆಯ ಪ್ರಾರ್ಥನೆಯಲ್ಲಿ ನೂರಾರು ಹುಡುಗರು ಒಂದೇ ಕಂಠದಿಂದ ವಚನ ಹೇಳುವಾಗ ಪ್ರಾಂಗಣವೇ ಹೇಗೆ ಅನುರಣಿಸುತ್ತದೆ ಎಂಬುದನ್ನು ಬಲ್ಲೆ. ಆದರೆ ವಚನವನ್ನು ನೋಡುವುದು ಎಂದರೇನು ಎಂಬ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡವನಲ್ಲ. ಅದನ್ನು ನನ್ನ ಮುಂದೆ ತಂದಿಟ್ಟವಳು ನನ್ನ ತಮ್ಮನ ಮಗಳು.

ಬೆಂಗಳೂರಿನಲ್ಲಿ ಚಿತ್ರಸಂಕಲನದ ಕೆಲಸ ಮಾಡುವ ಅವಳು ಒಂದು ಭಾನುವಾರ ಬೆಳಿಗ್ಗೆ ಹಾಸನದ ನಮ್ಮ ಮನೆಗೆ ಬಂದಳು. ಕಾಫಿ ಲೋಟ ಕೆಳಗಿಡುವ ಮೊದಲೇ, “ದೊಡ್ಡಪ್ಪ, ಅಕ್ಕಮಹಾದೇವಿಯ ಒಂದು ವಚನಕ್ಕೆ ವಿಡಿಯೊ ಮಾಡಬೇಕು ಅಂತಿದ್ದೀನಿ. ನೀವು ಅರ್ಥ ಹೇಳಿಕೊಡಬೇಕು” ಎಂದಳು. ಅರ್ಥ ಹೇಳುವುದಕ್ಕೇನು, ಅದು ನನ್ನ ಕಸುಬೇ. ಒಂದು ಗಂಟೆ ಹೇಳಿದೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು, ಕೊನೆಗೆ ಮೆಲ್ಲಗೆ, “ಅರಕಲಗೂಡಿನಲ್ಲಿ ದೊಡ್ಡತ್ತೆ ಪೂಜೆ ಮಾಡೋದನ್ನ ಚಿತ್ರಿಸಿಕೊಳ್ಳಬಹುದಾ?” ಎಂದು ಕೇಳಿದಳು. ಅವಳು ಬಂದದ್ದು ಇದಕ್ಕಾಗಿಯೇ ಎಂದು ಆಗ ತಿಳಿಯಿತು.

ಈ ಸಂಗೀತ ವಿಡಿಯೊ ಎಂಬುದು ನಮ್ಮ ಓದುಗರಲ್ಲಿ ಕೆಲವು ಹಿರಿಯರಿಗೆ ಅಪರಿಚಿತವಾಗಿರಬಹುದು. ಚಲನಚಿತ್ರದಲ್ಲಿ ಕಥೆಯ ನಡುವೆ ಹಾಡು ಬರುತ್ತದೆ. ಇಲ್ಲಿ ಹಾಡೇ ಎಲ್ಲ. ಮೊದಲು ಹಾಡನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ, ಅನಂತರ ಅದರ ಅಳತೆಗೆ ಚಿತ್ರಗಳನ್ನು ಕೂಡಿಸುತ್ತಾರೆ. ನಾಲ್ಕು ನಿಮಿಷದ ಹಾಡಿಗೆ ನಾಲ್ಕು ನಿಮಿಷದ ಚಿತ್ರ. ಒಂದು ನೋಟ ಮುಗಿದು ಇನ್ನೊಂದು ಎಲ್ಲಿ ಬರಬೇಕು ಎಂಬುದನ್ನು ತಾಳವೂ ಸಾಹಿತ್ಯವೂ ಕೂಡಿ ನಿರ್ಧರಿಸಬೇಕು. ನಾನು ನೋಡಿದ ಬಹುಪಾಲು ವಿಡಿಯೊಗಳಲ್ಲಿ ತಾಳವೊಂದೇ ನಿರ್ಧರಿಸುತ್ತದೆ. ಸಾಹಿತ್ಯ ಹಿಂದೆ ಓಡಿಬರುತ್ತದೆ.

ನನ್ನ ಸಂಕೋಚಕ್ಕೆ ಕಾರಣವಿತ್ತು. ಚಿತ್ರವು ಹಾಡನ್ನು ಹೇಗೆ ಹಿಡಿದುಬಿಡುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತು. ಬಾಲ್ಯದಲ್ಲಿ ಅರಕಲಗೂಡಿನ ಟೆಂಟಿನಲ್ಲಿ ‘ಬೇಡರ ಕಣ್ಣಪ್ಪ’ ನೋಡಿದ್ದೆ. ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ, ರಾಜಕುಮಾರ್ ಅವರು ನಾಯಕರಾಗಿ ಮೊದಲು ಕಾಣಿಸಿಕೊಂಡ 1954ರ ಆ ಚಿತ್ರ, ನಮ್ಮ ಊರಿನ ಟೆಂಟಿಗೆ ಎಷ್ಟನೆಯ ಸಲ ಬಂದಿತ್ತೋ! ಕಣ್ಣನ್ನು ಕಿತ್ತು ಶಿವನಿಗೆ ಅರ್ಪಿಸುವ ಸನ್ನಿವೇಶದಲ್ಲಿ ನನ್ನ ಪಕ್ಕದ ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅಂದಿನಿಂದ ಇಂದಿನವರೆಗೆ ಪುರಾತನರ ಚರಿತೆಯಲ್ಲಿ ಕಣ್ಣಪ್ಪನ ಹೆಸರು ಬಂದಾಗ ನನ್ನ ಮನಸ್ಸಿಗೆ ಬರುವುದು ರಾಜಕುಮಾರ್ ಅವರ ಮುಖವೇ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಬಂದಾಗಲೂ ಹೀಗೆಯೇ ಆಯಿತು. ಸಿ. ಅಶ್ವಥ್ ಅವರ ಸಂಗೀತದಲ್ಲಿ ಮೂಡಿದ ಆ ತತ್ತ್ವಪದಗಳಿಗೆ ಶ್ರೀಧರ್ ತುಟಿಯಾಡಿಸಿದರು. ಅಲ್ಲಿಯವರೆಗೆ ಶರೀಫರ ಪದಗಳಿಗೆ ನನ್ನೊಳಗೆ ಮುಖವಿರಲಿಲ್ಲ. ಚಿತ್ರ ನೋಡಿದ ಮೇಲೆ ಶ್ರೀಧರ್ ಅವರ ಮುಖ ಬಂದು ಕುಳಿತಿತು, ಮತ್ತೆ ಏಳಲಿಲ್ಲ. ಅದು ಒಳ್ಳೆಯ ಮುಖವೇ. ಆದರೂ ಕೇಳುವವನ ಒಳಗೆ ಒಂದು ಖಾಲಿ ಜಾಗವಿತ್ತಲ್ಲ, ಅದು ತುಂಬಿಹೋಯಿತು.

ಇನ್ನು ಅಕ್ಕನ ವಚನ. ಕರಸ್ಥಲ ಎಂಬ ಮಾತು ಅದರ ಹೃದಯ. ಆ ಮಾತು ಬಂದಾಗ ಕ್ಯಾಮರಾ ಏನನ್ನು ತೋರಿಸಬೇಕು? ಯಾರಾದರೂ ಥಟ್ಟನೆ ಹೇಳುವ ಉತ್ತರ: ಅಂಗೈಯ ಮೇಲಿನ ಇಷ್ಟಲಿಂಗವನ್ನು. ನಾನು ಖಂಡಿತವಾಗಿ ಬೇಡವೆಂದೆ. ಈಗ ಸಾಮೂಹಿಕ ಇಷ್ಟಲಿಂಗ ಪೂಜೆಯ ಚಿತ್ರಗಳು ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಬರುತ್ತವೆ, ಬಲ್ಲೆ. ಅದನ್ನು ತಪ್ಪೆಂದು ಹೇಳಲಾರೆ. ಆದರೆ ನಮ್ಮ ಮನೆಯಲ್ಲಿ ನಡೆದುಬಂದದ್ದು ಬೇರೆ. ನನ್ನ ತಾಯಿಯ ಇಷ್ಟಲಿಂಗವನ್ನು ನಾನು ಕಂಡದ್ದು ಅವರು ಲಿಂಗೈಕ್ಯರಾದ ದಿನ ಮಾತ್ರ. ಅಕ್ಕನದನ್ನು ಕಂಡೇ ಇರಲಿಲ್ಲ.

“ಲಿಂಗ ಕಾಣಬಾರದು. ಪೂಜೆ ನಟನೆಯಾಗಬಾರದು. ದೀಪವನ್ನು ಇರಬೇಕಾದ ಜಾಗದಿಂದ ಕದಲಿಸಬಾರದು. ಈ ಮೂರಕ್ಕೆ ಒಪ್ಪಿದರೆ ನಿನ್ನ ಅತ್ತೆಯನ್ನು ನೀನೇ ಕೇಳು” ಎಂದೆ.

ಅವಳು ಒಪ್ಪಿದಳು. “ದೀಪ ಎಲ್ಲಿರಬೇಕು ದೊಡ್ಡಪ್ಪ?” ಎಂದು ಕೇಳಿದಳು.

ನಮ್ಮ ಗುರುಗಳು ಶಿವಯೋಗವನ್ನು ಕಲಿಸುವಾಗ ಮೊದಲು ಕಲಿಸಿದ್ದು ದೀಪವಿಡುವುದನ್ನು. ಅದು ಕುಳಿತವನ ಬೆನ್ನ ಹಿಂದೆ, ತಲೆಗಿಂತ ತುಸು ಎತ್ತರದಲ್ಲಿ, ಎಡಭುಜದ ಮೇಲಿನಿಂದ ಬೆಳಕು ಎಡ ಅಂಗೈಗೆ ಇಳಿಯುವಂತೆ ಇರಬೇಕು. ಮುಂದೆ ಇಟ್ಟರೆ ಜ್ವಾಲೆ ಕಣ್ಣನ್ನು ಎಳೆಯುತ್ತದೆ. ಪಕ್ಕದಲ್ಲಿ ಇಟ್ಟರೆ ಬೆರಳುಗಳ ನೆರಳು ಲಿಂಗದ ಮೇಲೆ ಬೀಳುತ್ತದೆ. ಹಿಂದೆ ಇಟ್ಟಾಗ ಲಿಂಗದ ಕಪ್ಪು ಕಂತಿಯ ಮೇಲೆ ಸಾಸಿವೆ ಕಾಳಿನಷ್ಟು ಬೆಳಕು ಬಂದು ನಿಲ್ಲುತ್ತದೆ. ದೃಷ್ಟಿ ನೆಡಬೇಕಾದದ್ದು ಅಲ್ಲಿ. ಇದನ್ನು ಹೇಳುವಾಗ ಅವಳ ಜೊತೆ ಬಂದಿದ್ದ ಕ್ಯಾಮರಾ ಹುಡುಗ ಇದ್ದಕ್ಕಿದ್ದಂತೆ ನೆಟ್ಟಗೆ ಕುಳಿತು, “ಸರ್, ಇದು ಲೈಟಿಂಗ್ ಪಾಠ!” ಎಂದ. ನಾನು ನಕ್ಕೆ. ಅವನ ಮಾತಿನಲ್ಲಿ ಒಂದು ತೊಡಕು ಅಡಗಿತ್ತೆಂದು ಆಗ ಹೊಳೆಯಲಿಲ್ಲ.

ಹೊರಾಂಗಣದ ಭಾಗವನ್ನು ಮೊದಲು ಚಿತ್ರಿಸಿದರು. ಮಾರ್ಗಶಿರದ ಚಳಿ. ಹಾಡುವ ಹುಡುಗಿ ಹೊಳೆನರಸೀಪುರದವಳು. ಅಲ್ಲಿ ಹೇಮಾವತಿಯ ದಂಡೆಗೆ ಬೆಳಗಿನ ಐದೂವರೆಗೇ ಎಲ್ಲರೂ ಹೋಗಿ ನಿಂತೆವು. ಶೆಟ್ಟಿಹಳ್ಳಿಯ ಮುಳುಗು ಚರ್ಚಿಗೆ ಹೋಗೋಣವೆಂದು ಕ್ಯಾಮರಾ ಹುಡುಗ ಹಟ ಹಿಡಿದಿದ್ದ. 1860ರಲ್ಲಿ ಕಟ್ಟಿದ, ಗೊರೂರು ಜಲಾಶಯ ತುಂಬಿದಾಗ ಮುಳುಗಿ ನೀರಿಳಿದಾಗ ಮೇಲೇಳುವ ಆ ಪಾಳುಗೋಡೆಗಳ ಮುಂದೆ ಜಿಲ್ಲೆಯ ಅರ್ಧ ಮದುವೆ ಜೋಡಿಗಳು ನಿಂತು ಫೋಟೊ ತೆಗೆಸಿಕೊಂಡಾಗಿದೆ. “ಅಲ್ಲಿ ಯಾವ ಹಾಡು ಚಿತ್ರಿಸಿದರೂ ಚರ್ಚಿನ ಹಾಡೇ ಆಗುತ್ತೆ” ಎಂದು ಇವಳು ಬಿಟ್ಟುಬಿಟ್ಟಳು. ಸರಿಯಾದ ಮಾತು.

ಸೂರ್ಯ ಮೂಡುವುದಕ್ಕೆ ಮುಂಚಿನ ಇಪ್ಪತ್ತು ನಿಮಿಷ ಎಷ್ಟು ಅಮೂಲ್ಯವೆಂಬುದನ್ನು ಆ ದಿನ ಕಂಡೆ. ಆಗ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಒಂದು ಕಡೆಯಿಂದಲ್ಲ. ಆದ್ದರಿಂದ ಮುಖದ ಮೇಲೆ ನೆರಳಿನ ಗೆರೆ ಬೀಳುವುದಿಲ್ಲ. ಸೂರ್ಯ ಮೇಲೆ ಬಂದನೆಂದರೆ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ಗುಳಿಗಳು. ಹುಡುಗಿಯ ಕೈಯಲ್ಲಿ ಒಂದು ಹಣತೆ. ಆಕಾಶದ ಬೆಳಕು ನೀಲಿ, ಹಣತೆಯದು ಕೆಂಪು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ: ಎಣ್ಣೆಯ ದೀಪಕ್ಕೆ ಸುಮಾರು 1900, ನಡುಹಗಲಿನ ಬಿಸಿಲಿಗೆ ಸುಮಾರು 5500, ಬಿಸಿಲಿಲ್ಲದ ನೀಲಿ ಆಕಾಶಕ್ಕೆ ಅದಕ್ಕಿಂತಲೂ ಬಹಳ ಹೆಚ್ಚು. ನಾವು ಕಾವಿನ ಬಣ್ಣವೆಂದು ತಿಳಿದಿರುವ ಕೆಂಪಿಗೆ ಕಡಿಮೆ ಅಂಕ, ತಂಪೆಂದು ತಿಳಿದಿರುವ ನೀಲಿಗೆ ಹೆಚ್ಚು! ಕ್ಯಾಮರಾಕ್ಕೆ “ಇದನ್ನು ಬಿಳುಪೆಂದು ತಿಳಿ” ಎಂದು ಒಂದು ಅಂಕೆಯನ್ನು ಹೇಳಿಕೊಡಬೇಕು. ಹಣತೆಯನ್ನು ಬಿಳುಪೆಂದರೆ ಹೊಳೆಯೆಲ್ಲ ಕಡುನೀಲಿಯಾಗುತ್ತದೆ. ಆಕಾಶವನ್ನು ಬಿಳುಪೆಂದರೆ ಹಣತೆ ಕೆಂಡವಾಗುತ್ತದೆ. ಇವಳು ಎರಡರ ನಡುವೆ ಎಲ್ಲೋ ನಿಲ್ಲಿಸಿದಳು. ಚಿತ್ರದಲ್ಲಿ ಹೊಳೆ ನಸುನೀಲಿ, ಹುಡುಗಿಯ ಗಲ್ಲದ ಕೆಳಗೆ ಬೇಯಿಸಿದ ಇಟ್ಟಿಗೆಯ ಬಣ್ಣ.

ಅಲ್ಲಿ ನನಗೆ ನಗೆಯೂ ಸಿಟ್ಟೂ ಒಟ್ಟಿಗೆ ಬಂದ ಪ್ರಸಂಗವೊಂದು ನಡೆಯಿತು. ಹುಡುಗಿ ನೀರಿನಂಚಿನಲ್ಲಿ ನಡೆಯುವ ನೋಟ ನಿಧಾನಗತಿಯಲ್ಲಿ ಕಾಣಬೇಕು, ತುಟಿ ಮಾತ್ರ ಹಾಡಿಗೆ ಹೊಂದಬೇಕು. ಇದನ್ನು ಸಾಧಿಸಲು ಸೆಕೆಂಡಿಗೆ 25 ಚೌಕಟ್ಟುಗಳ ಬದಲು 50 ಚೌಕಟ್ಟುಗಳಲ್ಲಿ ಚಿತ್ರಿಸಿ, ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸುತ್ತಾರೆ. ಆ ವೇಗಕ್ಕೆ ತುಟಿಯಾಡಿಸಿದರೆ, ಆಮೇಲೆ ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸಿದಾಗ ತುಟಿ ಸರಿಯಾಗಿ ಕೂಡುತ್ತದೆ, ನಡಿಗೆ ತೇಲುತ್ತದೆ. ಉಪಾಯವೇನೋ ಚೆನ್ನ. ಆದರೆ ಆ ಮಂಜಿನ ದಂಡೆಯಲ್ಲಿ ಅಕ್ಕಮಹಾದೇವಿಯ ವಚನ ಗಿಳಿಯ ಕಂಠದಲ್ಲಿ ಕಿಚಕಿಚ ಎನ್ನುತ್ತ ಓಡತೊಡಗಿದಾಗ ನಾನು ಎದ್ದು ದೂರ ಹೋಗಿ ನಿಂತೆ. ಬಟ್ಟೆ ಒಗೆಯಲು ಬಂದ ಇಬ್ಬರು ಹೆಂಗಸರು ಕಲ್ಲಿನ ಮೇಲೆ ಕುಳಿತು ನಗುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಚನ್ನರಾಯಪಟ್ಟಣ. ಅಶ್ವಥ್ ಅವರು 1939ರಲ್ಲಿ ಹುಟ್ಟಿದ ಊರಾದ್ದರಿಂದ ಹಾಡಿನಲ್ಲಿ ಆ ಊರಿನದೊಂದು ನೋಟ ಇರಲೇಬೇಕೆಂಬುದು ಹುಡುಗರ ಆಸೆ. ಕೆರೆಯ ಏರಿಯ ಮೇಲೆ ನಿಂತು ಡ್ರೋನ್ ಹಾರಿಸಿದರು. ಅದು ಹುಡುಗಿಯ ತಲೆಯ ಮೇಲಿಂದ ಎದ್ದು, ಮೇಲೆ ಮೇಲೆ ಹೋಗಿ, ಅವಳು ಒಂದು ಚುಕ್ಕೆಯಾಗಿ ಕೆರೆಯೆಲ್ಲ ಕಾಣುವಂತೆ ತೋರಿಸಿತು. ಈ ನೋಟದ ಬಗ್ಗೆ ನನ್ನ ಅಭಿಪ್ರಾಯ ಮುಂದೆ ಹೇಳುತ್ತೇನೆ.

ಅರಕಲಗೂಡಿನ ನಮ್ಮ ಹಳೆಯ ಮನೆಯಲ್ಲಿ ನನ್ನ ಅಕ್ಕ ಇದ್ದಳು. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ತವರಿಗೆ ಮರಳಿ ಅಲ್ಲಿಯೇ ಉಳಿದವಳು. ನನ್ನ ಬಟ್ಟೆಗಂಟನ್ನು ತಾನೇ ಹೊತ್ತು ಮಠದ ಬಾಗಿಲವರೆಗೆ ತಂದು ಬಿಟ್ಟವಳು. ನಡುಮನೆಗೆ ಕಿಟಕಿಯಿಲ್ಲ. ಸೂರಿನಲ್ಲಿ ಒಂದು ಬೆಳಕಿಂಡಿ, ಹೆಂಚುಗಳ ನಡುವೆ ಒಂದೇ ಒಂದು ಗಾಜು. ಚಳಿಗಾಲದಲ್ಲಿ ಒಂಬತ್ತು ಗಂಟೆಯ ಸುಮಾರಿಗೆ ಅದರಿಂದ ಬಿಸಿಲುಕೋಲು ಇಳಿದು, ಗೋಡೆಯಿಂದ ನೆಲಕ್ಕೆ ಜಾರಿ, ಅರ್ಧ ಗಂಟೆಯೊಳಗೆ ಕಂಬದ ಬುಡ ಸೇರಿ ಮಾಯವಾಗುತ್ತದೆ. ಬಚ್ಚಲ ಒಲೆಯ ಹೊಗೆ ಒಳಗೆ ನುಗ್ಗಿದ ದಿನ ಆ ಕೋಲು ಕಂಬದಷ್ಟು ಗಟ್ಟಿಯಾಗಿ ಕಾಣುತ್ತದೆ. ಹೊಗೆಯಿಲ್ಲದ ದಿನ ನೆಲದ ಮೇಲೊಂದು ಬಿಳಿಯ ಬಿಲ್ಲೆ, ಅಷ್ಟೇ. ಬೆಳಕು ದಾರಿಯಲ್ಲಿ ಕಾಣಬೇಕಾದರೆ ಅದಕ್ಕೆ ಧೂಳೋ ಹೊಗೆಯೋ ತಡೆಯಾಗಬೇಕು. ಮಕ್ಕಳಾಗಿದ್ದಾಗ ಆ ಕೋಲನ್ನು ಹಿಡಿಯಲು ಹೋಗಿ ಬೈಸಿಕೊಂಡವರು ನಾವು.

ಅಕ್ಕ ಚಿತ್ರೀಕರಣಕ್ಕೆ ಒಪ್ಪಿದ್ದು ನನಗೇ ಆಶ್ಚರ್ಯ. ಆದರೆ ಅವಳ ಕರಾರು ನನ್ನದಕ್ಕಿಂತ ಬಿಗಿಯಾಗಿತ್ತು. “ನೋಡವ್ವ, ನಾನು ದಿನಕ್ಕೆ ಒಂದು ಸಾರಿ ಬೆಳಿಗ್ಗೆ ಪೂಜೆ ಮಾಡೋದು. ಇನ್ನೊಂದು ಸಾರಿ ಮಾಡಿ ಅಂದ್ರೆ ಆಗಲ್ಲ. ಮಾತಾಡಿಸಬೇಡಿ. ನಾನಂತೂ ನಿಮ್ಮ ಕಡೆ ನೋಡಲ್ಲ.”

ಹೀಗಾಗಿ ದಿನಕ್ಕೆ ಒಂದೇ ಅವಕಾಶ. ಮೊದಲ ದಿನ ಮೋಡ. ಎರಡನೆಯ ದಿನ ಬಿಸಿಲು ಬಂತು, ಪಕ್ಕದ ಮನೆಯ ಹಿಟ್ಟಿನ ಗಿರಣಿಯ ಸದ್ದಿಗೆ ಅಕ್ಕ ಬೇಸರಪಟ್ಟು ಬೇಗ ಮುಗಿಸಿಬಿಟ್ಟಳು. ಮೂರನೆಯ ದಿನ ಎಲ್ಲವೂ ಕೂಡಿಬಂತು. ಕ್ಯಾಮರಾವನ್ನು ಅವಳ ಎದುರಿಗೆ, ನೆಲಕ್ಕೆ ಹತ್ತಿರವಾಗಿ ಇಟ್ಟರು. ಅಲ್ಲಿಂದ ನೋಡಿದರೆ ಎತ್ತಿ ಹಿಡಿದ ಎಡಗೈಯ ಬೆರಳುಗಳ ಹಿಂಬದಿ ಕಾಣುತ್ತದೆ, ಅಂಗೈಯ ಮೇಲಿರುವುದು ಕಾಣುವುದಿಲ್ಲ. ಬೆರಳುಗಳಾಚೆ ಬಾಗಿದ ಮುಖ. ದೀಪ ಹಿಂದೆ, ಎಡಭುಜದ ಮೇಲೆ, ನಾನು ಹೇಳಿದ ಜಾಗದಲ್ಲಿಯೇ.

ತೊಡಕು ಆಗ ಎದುರಾಯಿತು. ದೀಪ ಬೆನ್ನ ಹಿಂದೆ ಇದ್ದರೆ ಮುಖ ಕತ್ತಲಲ್ಲವೆ? ನರೆತ ಕೂದಲಿನ ಅಂಚು, ಕಿವಿಯ ತುದಿ, ಭುಜದ ಮೇಲಿನ ಸೆರಗು — ಇಷ್ಟು ಮಾತ್ರ ಹೊಳೆಯುತ್ತಿದ್ದವು. ಕ್ಯಾಮರಾ ಹುಡುಗ ಎಲ್‌ಇಡಿ ಫಲಕವೊಂದನ್ನು ಎದುರಿಗೆ ನಿಲ್ಲಿಸಲು ಎದ್ದ. ಇವಳು ತಡೆದಳು. ಅಕ್ಕ ಪೂಜೆಗೆ ಕೂರುವ ಮುಂಚೆಯೇ ಅವಳ ಮುಂದೆ ನೆಲದ ಮೇಲೆ ಬಿಳಿಯ ಮಡಿ ಪಂಚೆಯೊಂದನ್ನು ಹಾಸಿದ್ದಳು. ಬೆಳಕಿಂಡಿಯ ಕೋಲು ಜಾರುತ್ತ ಬಂದು ಆ ಪಂಚೆಯ ಮೇಲೆ ಬಿದ್ದಾಗ ಅದರ ಪ್ರತಿಫಲನ ಕೆಳಗಿನಿಂದ ಅಕ್ಕನ ಗದ್ದಕ್ಕೆ, ಕೆನ್ನೆಗೆ, ರೆಪ್ಪೆಯ ಕೆಳಭಾಗಕ್ಕೆ ತಾಗಿತು. ನೋಡುವವನಿಗೆ ಆ ಬೆಳಕು ಅಂಗೈಯಿಂದಲೇ ಎದ್ದು ಬರುವಂತೆ ತೋರುತ್ತದೆ. ಹನ್ನೊಂದು ನಿಮಿಷ ಕ್ಯಾಮರಾ ಅಲುಗಲಿಲ್ಲ. ನನಗೆ ಅನಿಮಿಷನ ನೆನಪಾಯಿತು. ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಹೇಳಿದ ಕಥೆ: ನೆಲದೊಳಗೆ ಹುದುಗಿದ ಗುಡಿಯ ಬಾಗಿಲು ತೆರೆದು ಅಲ್ಲಮನು ಒಳಹೊಕ್ಕಾಗ, ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟು ಎವೆಯಿಕ್ಕದೆ ಕುಳಿತ ಯೋಗಿ. ಆ ಕತ್ತಲೆಯಲ್ಲಿ ಅಲ್ಲಮನು ಕಂಡದ್ದು ಹೇಗೆ, ಯಾವ ಬೆಳಕಿನಲ್ಲಿ ಎಂಬ ಪ್ರಶ್ನೆ ಐವತ್ತು ವರ್ಷ ಆ ಕಾವ್ಯವನ್ನು ಓದಿದ ನನಗೆ ಅಂದು ಮೊದಲ ಬಾರಿಗೆ ಎದ್ದಿತು.

ಇಷ್ಟೆಲ್ಲ ಕಂಡಿದ್ದರೂ, ಪುಷ್ಯ ಮಾಸದಲ್ಲಿ ಅವಳು ಹಾಸನಕ್ಕೆ ಬಂದು ಕೂಡಿಸಿದ ವಿಡಿಯೊ ತೋರಿಸಿದಾಗ ನಾನು ಎರಡು ಹಾಳೆಯ ತುಂಬ ಆಕ್ಷೇಪ ಬರೆದೆ. ತಿದ್ದುವುದು ನನಗೆ ಅಂಟಿದ ಅಭ್ಯಾಸ. ಅಕ್ಕನ ಮುಖ ಮುಕ್ಕಾಲು ಪಾಲು ಕತ್ತಲೆಯಲ್ಲಿದೆ, ಬೆಳಗಿಸಬೇಕು. ಕರಸ್ಥಲವೆಂಬ ಮಾತು ಬರುವಾಗ ಕೈ ನಡುಗುವುದು ಎದ್ದು ಕಾಣುತ್ತದೆ, ನೋಡುವವರು ಭಕ್ತಿಯ ಬದಲು ಮುಪ್ಪನ್ನು ನೋಡುತ್ತಾರೆ, ಆ ಭಾಗ ತೆಗೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತ ಬರುವಾಗ ತೆರೆ ಪೂರ್ತಿ ಕಪ್ಪಾಗುತ್ತದೆ. ಹಾಡು ಕೇಳುತ್ತದೆ, ಚಿತ್ರವೇ ಇಲ್ಲ. ಮೊದಲ ಸಲ ನೋಡಿದಾಗ ಕರೆಂಟು ಹೋಯಿತೆಂದೇ ತಿಳಿದು ಸ್ವಿಚ್ಚಿನ ಕಡೆ ತಿರುಗಿದ್ದೆ. ಡ್ರೋನ್ ನೋಟದ ಬಗ್ಗೆ ಒಂದು ಇಡೀ ಪ್ಯಾರಾ ಬರೆದಿದ್ದೆ.

ಅವಳು ಓದಿದಳು. ಸಿಟ್ಟಾಗಲಿಲ್ಲ. “ದೀಪ ಎಲ್ಲಿರಬೇಕು ಅಂತ ಹೇಳಿದವರು ನೀವೇ ಅಲ್ವಾ ದೊಡ್ಡಪ್ಪ? ಅಲ್ಲಿ ದೀಪ ಇಟ್ಟರೆ ಮುಖ ಹೀಗೇ ಕಾಣೋದು. ಆ ದೀಪ ನೋಡುವವರಿಗೋಸ್ಕರ ಇಟ್ಟಿದ್ದಲ್ಲ” ಎಂದಳು. ನನಗೆ ಉತ್ತರ ತೋಚಲಿಲ್ಲ. ಆಗ ಅವಳು ತನ್ನ ಯಂತ್ರದಲ್ಲಿ ಒಂದು ಹಳೆಯ ಹಿಂದಿ ಹಾಡು ಹಾಕಿದಳು.

ಅದು 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡು. ಗೀತಾ ದತ್ ಹಾಡಿದ್ದು. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, 1923ರಲ್ಲಿ ಹುಟ್ಟಿದವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತವರು, ಪಿಟೀಲು ಬಲ್ಲವರು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. 2014ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ ಚಿತ್ರಕ್ಕೆ 1993ರಲ್ಲಿ ಕ್ಯಾಮರಾ ಹಿಡಿದವರೆಂದರೆ ಕನ್ನಡದ ಓದುಗರಿಗೆ ಹತ್ತಿರವಾದಾರು.

ಹಾಡಿನಲ್ಲಿ ಇರುವುದು ಒಂದು ಖಾಲಿ ಸ್ಟುಡಿಯೊ. ಮೇಲಿನಿಂದ ಓರೆಯಾಗಿ ಇಳಿಯುವ ಒಂದು ಬಿಸಿಲುಕೋಲು. ಒಂದು ಕಡೆ ಅವನು, ಇನ್ನೊಂದು ಕಡೆ ಅವಳು. ಇಬ್ಬರೂ ಹಾಡುವುದಿಲ್ಲ, ತುಟಿಯೇ ಆಡುವುದಿಲ್ಲ. ಹಾಡು ಎಲ್ಲಿಂದಲೋ ಕೇಳುತ್ತದೆ. ಕ್ಯಾಮರಾ ದೂರದಿಂದ ಒಬ್ಬರ ಮುಖದ ಕಡೆ ಸರಿಯುತ್ತದೆ, ಮತ್ತೆ ಇನ್ನೊಬ್ಬರ ಮುಖದ ಕಡೆ. ನಡುವೆ ಅವರ ದೇಹಗಳಿಂದ ನೆರಳಿನಂಥ ಪಾರದರ್ಶಕ ರೂಪಗಳು ಹೊರಟು ಆ ಬೆಳಕಿನೊಳಗೆ ಒಂದನ್ನೊಂದು ಸಮೀಪಿಸುತ್ತವೆ; ದೇಹಗಳು ಇದ್ದಲ್ಲಿಯೇ ಇರುತ್ತವೆ. ಆ ಕಾಲದ ಫಿಲಂ ಬಹಳ ಬೆಳಕನ್ನು ಬೇಡುತ್ತಿತ್ತು. ಅಂಥ ಕೋಲನ್ನು ಸ್ಟುಡಿಯೊದ ದೀಪಗಳಿಂದ ತರುವುದು ಕಷ್ಟವೆಂದು ಮೂರ್ತಿಯವರು ಹೊರಗಿನ ಸೂರ್ಯನನ್ನೇ ಒಳಗೆ ಕರೆದರು. ಹೊರಗೆ ಒಂದು ದೊಡ್ಡ ಕನ್ನಡಿ, ಅದರಿಂದ ಬಂದ ಬಿಸಿಲನ್ನು ಕೆಳಗೆ ತಿರುಗಿಸಲು ಒಳಗೆ ಮೇಲ್ಗಡೆ ಇನ್ನೊಂದು ಕನ್ನಡಿ. ಕೋಲು ಕಾಣುವಂತೆ ಸ್ವಲ್ಪ ಹೊಗೆ. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿ ಅವರಿಗೆ ಬಂದದ್ದು ಈ ಚಿತ್ರದ ಛಾಯಾಗ್ರಹಣಕ್ಕೆ.

ನಾನು, “ಇದು ನಮ್ಮ ನಡುಮನೆ!” ಎಂದೆ.

“ಹೌದು. ನಾನು ಈ ಹಾಡು ಮೊದಲ ಸಲ ನೋಡಿದಾಗ ನೆನಪಾಗಿದ್ದು ಅರಕಲಗೂಡಿನ ಬೆಳಕಿಂಡಿಯೇ” ಎಂದಳು.

ಅಷ್ಟಕ್ಕೆ ಬಿಡಲಿಲ್ಲ. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರದ ನೃತ್ಯಗೀತೆಯನ್ನೂ ತೋರಿಸಿದಳು. ಮುಖ್ಯ ನರ್ತಕಿಯ ಮೇಲೆ ಪೂರ್ಣ ಬೆಳಕು. ಹಿಂದಿನ ಸಾಲಿನ ನರ್ತಕಿಯರು ಮೊದಲಿಂದ ಕೊನೆಯವರೆಗೆ ನೆರಳಾಗಿಯೇ ಕುಣಿಯುತ್ತಾರೆ, ಒಬ್ಬರ ಮುಖವೂ ಕಾಣುವುದಿಲ್ಲ. ಹಿಂದಿನ ಸಾಲಿನವರ ಮುಖಗಳು ಗುರುದತ್ತರಿಗೆ ಒಪ್ಪಿಗೆಯಾಗದಿದ್ದಾಗ ಮೂರ್ತಿಯವರು ಹೂಡಿದ ಉಪಾಯವಂತೆ ಅದು. ಅವರನ್ನು ಮನೆಗೆ ಕಳುಹಿಸಲಿಲ್ಲ, ಬೆಳಕನ್ನಷ್ಟೇ ಅವರಿಂದ ಹಿಂದಕ್ಕೆ ತೆಗೆದರು. ಅದನ್ನು ನೋಡುತ್ತ ನನಗೆ ಹೊಳೆದದ್ದು ಇದು: ಬೆಳಕು ಮಾಡುವವನ ಕೆಲಸದಲ್ಲಿ ಅರ್ಧ ಭಾಗ ಕತ್ತಲೆಯನ್ನು ಎಲ್ಲಿ ಉಳಿಸಬೇಕೆಂದು ತಿಳಿಯುವುದು. ಲಿಂಗ ಕಾಣಬಾರದೆಂದು ನಾನು ಹೇಳಿದ್ದೆ. ಮುಖ ಪೂರ್ತಿ ಕಾಣಬೇಕೆಂದೂ ಹೇಳುತ್ತಿದ್ದೆ. ಒಂದು ಕಡೆ ಮರೆಯನ್ನು ಬೇಡಿ ಇನ್ನೊಂದು ಕಡೆ ಪ್ರದರ್ಶನವನ್ನು ಬೇಡಿದವನು ನಾನೇ.

ಕೊನೆಯ ಕತ್ತಲೆಯ ಬಗ್ಗೆ ಅವಳ ವಾದ ಸರಳವಾಗಿತ್ತು. ಅಂಕಿತ ಬರುವಾಗ ಏನನ್ನು ತೋರಿಸಿದರೂ ಅದು ಚೆನ್ನಮಲ್ಲಿಕಾರ್ಜುನನ ಚಿತ್ರವಾಗಿಬಿಡುತ್ತದೆ. ಬೆಟ್ಟ ತೋರಿಸಿದರೆ ಬೆಟ್ಟವೇ ಅವನು, ಗುಡಿ ತೋರಿಸಿದರೆ ಗುಡಿಯೇ ಅವನು. “ರೂಪ ಇಲ್ಲದವನು, ಕುರುಹು ಇಲ್ಲದವನು ಅಂತ ಒಂದು ಗಂಟೆ ಪಾಠ ಹೇಳಿದ್ರಿ. ಬರೆದುಕೊಂಡಿದ್ದೀನಿ, ತೋರಿಸಲಾ?” ಎಂದಳು. ಶ್ರೀಧರ್ ಅವರ ಮುಖ ಬಂದು ಕುಳಿತ ಆ ಖಾಲಿ ಜಾಗ ನನಗೆ ನೆನಪಾಯಿತು. ಅವಳು ಅದನ್ನು ಖಾಲಿಯಾಗಿಯೇ ಬಿಟ್ಟಿದ್ದಳು. ಎರಡು ಹಾಳೆಗಳಲ್ಲಿ ಒಂದನ್ನು ನಾನೇ ಹರಿದೆ.

ಆದರೂ ಕೈ ನಡುಗುವ ಭಾಗ ಇರಕೂಡದೆಂದು ಪಟ್ಟು ಹಿಡಿದೆ. ಅದನ್ನು ಅತ್ತೆಯನ್ನೇ ಕೇಳೋಣವೆಂದಳು. ಇಬ್ಬರೂ ಅರಕಲಗೂಡಿಗೆ ಹೋದೆವು. ಅಕ್ಕ ಕನ್ನಡಕ ಹಾಕಿಕೊಂಡು ಮೊಬೈಲನ್ನು ದೂರ ಹಿಡಿದು ನಾಲ್ಕು ನಿಮಿಷ ನೋಡಿದಳು. ಹೊಳೆಯ ನೋಟಗಳ ಬಗ್ಗೆ ಏನೂ ಹೇಳಲಿಲ್ಲ. “ನನ್ನ ಕೈ ಇಷ್ಟು ನಡುಗ್ತದಾ? ನನಗೆ ಗೊತ್ತೇ ಆಗಲ್ಲಪ್ಪ, ಪೂಜೆಯಲ್ಲಿ ಕೂತಾಗ” ಎಂದಳು. ನಾನು ತೆಗೆಸುತ್ತೇನೆಂದೆ. “ಯಾಕೆ ತೆಗೀತೀಯ? ನಡುಗೋ ಕೈಯಲ್ಲೇ ಅಲ್ವಾ ಇರೋದು ಅವನು? ಇರಲಿ ಬಿಡು” ಎಂದು ಮೊಬೈಲನ್ನು ಹಿಂದಕ್ಕೆ ಕೊಟ್ಟು ಒಲೆಯ ಕಡೆಗೆ ಹೋದಳು.

ಶಿವರಾತ್ರಿ ಕಳೆದ ಎಂಟನೆಯ ದಿನ ಅಕ್ಕ ಲಿಂಗೈಕ್ಯಳಾದಳು. ಮೂರು ದಿನದ ಜ್ವರ, ಹೆಚ್ಚು ನರಳಲಿಲ್ಲ. ಸಮಾಧಿಯಲ್ಲಿ ಕುಳ್ಳಿರಿಸಿದಾಗ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲೆ ಇಟ್ಟವನು ನಾನು. ಮೊದಲ ಬಾರಿಗೆ ಕಂಡೆ. ಕಂತಿ ಒಂದು ಬದಿಯಲ್ಲಿ ಸವೆದಿತ್ತು. ವಿಭೂತಿ, ಪತ್ರೆ, ಮಣ್ಣು ಬಿದ್ದವು. ಕ್ಯಾಮರಾ ಕಾಣದ್ದು ಅವಳೊಡನೆಯೇ ಹೋಯಿತು.

ವಿಡಿಯೊವನ್ನು ಹೊರತರಲೇ ಬೇಡವೇ ಎಂದು ಹುಡುಗಿ ನನ್ನನ್ನು ಕೇಳಿದಳು. ತರಲು ಹೇಳಿದೆ. ಬಸವ ಜಯಂತಿಯ ದಿನ ಯೂಟ್ಯೂಬಿನಲ್ಲಿ ಹಾಕಿದಳು. ಅದಕ್ಕೆ ಮುಂಚೆ ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಅಕ್ಕನ ಮುಖದ ಸಮೀಪದ ನೋಟವನ್ನು ನಿಲ್ಲಿಸಿ, ಕಣ್ಣಿನ ಭಾಗವನ್ನು ಹಿಗ್ಗಿಸಿ ತೋರಿಸಿದಳು. ಬಾಗಿದ ರೆಪ್ಪೆಯ ಕೆಳಗೆ, ಕಪ್ಪುಗುಡ್ಡೆಯ ಮೇಲೆ ಒಂದು ಬಿಳಿಯ ಚುಕ್ಕೆ. ಛಾಯಾಗ್ರಾಹಕರು ಇಂಥದನ್ನು ಕ್ಯಾಚ್‌ಲೈಟ್ ಎನ್ನುತ್ತಾರಂತೆ. ಎದುರಿಗಿರುವ ಬೆಳಕಿನ ಪ್ರತಿಬಿಂಬ. ಅದು ಕೆಳಗೆ ಹಾಸಿದ್ದ ಪಂಚೆಯ ಹೊಳಪೇ ಇರಬೇಕು, ಅದಕ್ಕಿಂತ ಹೆಚ್ಚಿನದೇನೂ ಅಲ್ಲವೆಂದು ಅವಳೇ ಹೇಳಿದಳು. ಸಾಸಿವೆ ಕಾಳಿನಷ್ಟಿತ್ತು.

ಚನ್ನರಾಯಪಟ್ಟಣದ ಕೆರೆಯ ಮೇಲಿನ ಡ್ರೋನ್ ನೋಟ ಮಾತ್ರ ಆ ವಿಡಿಯೊದಲ್ಲಿ ಇಂದಿಗೂ ಇದೆ. ಎರಡನೆಯ ಚರಣದ ನಡುವೆ, ಒಂಬತ್ತು ಸೆಕೆಂಡು. ಅಷ್ಟು ಎತ್ತರದಿಂದ ಅಕ್ಕಮಹಾದೇವಿಯನ್ನು ಯಾರು ನೋಡುತ್ತಿದ್ದಾರೆ ಎಂಬ ನನ್ನ ಪ್ರಶ್ನೆಗೆ ಅವಳು ಉತ್ತರ ಕೊಟ್ಟಿಲ್ಲ. ಚೆನ್ನಾಗಿ ಬಂದಿದೆ ದೊಡ್ಡಪ್ಪ, ತೆಗೆಯಲ್ಲ ಎನ್ನುತ್ತಾಳೆ. ನಾನು ಹರಿಯದೆ ಉಳಿಸಿಕೊಂಡ ಎರಡನೆಯ ಹಾಳೆಯಲ್ಲಿ ಇರುವುದು ಆ ಪ್ಯಾರಾವೇ. ಮುಂದಿನ ಸಲ ಅವಳು ಬಂದಾಗ ಮತ್ತೆ ಕೊಡುವವನಿದ್ದೇನೆ.